ಎರಡು ಕ್ರೆಡಿಟ್ಟಿಗೆ ನಿಂತ ಡಿಗ್ರಿ

ಬನಶಂಕರಿ ಎರಡನೇ ಹಂತ
೨೩-೪-೨೦೨೬, ಗುರುವಾರ

ಚಿ. ಸಿರಿಗೆ ಅಮ್ಮನ ಆಶೀರ್ವಾದ. ಬೇಕಿದ್ದರೆ ತೆಗೆದುಕೋ, ಬೇಡವಾದರೆ ಪಕ್ಕಕ್ಕಿಡು. ಕಾಗದವನ್ನು ಮಾತ್ರ ಪೂರ್ತಿ ಓದು.

ನನ್ನ ನಂಬರನ್ನು ನೀನು ಬ್ಲಾಕ್ ಮಾಡಿ ಮೂರು ವರ್ಷವಾಗುತ್ತ ಬಂತು. ಬನಶಂಕರಿಯಿಂದ ಬಿಟಿಎಂ ಲೇಔಟ್ ಏನು ಕಾಶಿಯಲ್ಲ, ಆದರೂ ಮಗಳಿಗೆ ಅಂಚೆಯಲ್ಲಿ ಕಾಗದ ಹಾಕುವ ಗತಿ ನನಗೆ ಬಂದಿದೆ. ನಿನ್ನ ಪಿಜಿಯ ವಿಳಾಸವನ್ನು ನಿಮ್ಮಪ್ಪನ ಅಂಗಿ ಜೇಬಿನಲ್ಲಿದ್ದ ಚೀಟಿಯಿಂದ ಇಳಿಸಿಕೊಂಡೆ. ತಿಂಗಳಿಗೊಮ್ಮೆ ನಿನ್ನನ್ನು ನೋಡಿಕೊಂಡು ಬಂದು, ಜಯನಗರದಲ್ಲಿ ಗಿರಾಕಿ ಸಿಕ್ಕಿದ್ದರು ಎಂದು ನನಗೆ ಕಥೆ ಹೇಳುತ್ತಾರೆ. ಪಾತ್ರೆ ಅಂಗಡಿಯವರಿಗೆ ತಿಂಗಳು ತಿಂಗಳೂ ಅದೇ ಗಿರಾಕಿ ಹೇಗೆ ಸಿಗುತ್ತಾರೆ ಎಂದು ನಾನೂ ಕೇಳಲು ಹೋಗಿಲ್ಲ.

ಇವತ್ತು ನಿನ್ನ ಕಾಲೇಜಿನ ಆಫೀಸಿನಲ್ಲಿ ಜಗಳವಾಡಿ ಬಂದಿದ್ದೇನೆ. ಅದು ಈಗ ನನ್ನ ಕಾಲೇಜೂ ಹೌದು. ಮನೆ ಬಿಡುವ ದಿನ ನೀನು, "ಡಿಗ್ರಿ ಅಂದ್ರೆ ಏನು ಅಂತ ನಿಂಗೇನಮ್ಮ ಗೊತ್ತು" ಎಂದೆಯಲ್ಲ, ಅದು ನನಗೆ ಚೆನ್ನಾಗಿ ನಾಟಿತು. ಅದೇ ಜೂನಿನಲ್ಲಿ ಹೋಗಿ ಸಿಸ್ಟರ್‌ಗಳ ಆ ಕಾಲೇಜಿನಲ್ಲೇ ಸಂಜೆಯ ಬಿ.ಎ.ಗೆ ಸೇರಿಕೊಂಡೆ, ನಲವತ್ತಾರನೇ ವಯಸ್ಸಿನಲ್ಲಿ. ಸೇರಿದ್ದು ಹಠಕ್ಕೆ. ಓದುವ ಆಸೆ ಆಮೇಲೆ ಬಂತು.

ಮೇಜರ್ ಕನ್ನಡ, ಮೈನರ್ ಇತಿಹಾಸ, ಎರಡರಲ್ಲೂ ಫಸ್ಟ್ ಕ್ಲಾಸ್ ಬಂದಿದೆ. ಆದರೆ ಅಷ್ಟು ಸಾಲದಂತೆ. ಯಾರು ಏನೇ ಓದಲಿ, ಎಲ್ಲರೂ ಮುಗಿಸಲೇಬೇಕಾದ ಸಾಮಾನ್ಯ ಪೇಪರುಗಳು ಬೇರೆ ಇವೆ, ಪೇಪರಿಗೆ ಇಷ್ಟು ಕ್ರೆಡಿಟ್ ಎಂದು ಲೆಕ್ಕ, ನಿನಗೆ ಗೊತ್ತೇ ಇದೆ. ಕ್ರೈಸ್ತರ ಮಕ್ಕಳು ಅವರ ಧರ್ಮಪಾಠಕ್ಕೆ ಹೋದರೆ ನಾವು ಉಳಿದವರು ಮೌಲ್ಯ ಶಿಕ್ಷಣಕ್ಕೆ. ಕೊರಳಲ್ಲಿ ಲಿಂಗ ಕಟ್ಟಿಕೊಂಡೇ ಕೂತು ಕೇಳಿದೆ, ಒಳ್ಳೆಯ ಮಾತೇ ಹೇಳಿದರು, ಅದರಲ್ಲಿ ನನ್ನ ತಕರಾರಿಲ್ಲ. ನನ್ನ ತಕರಾರಿರುವುದು ಜೀವನ ಕೌಶಲ ಎಂಬ ಪೇಪರಿನ ಮೇಲೆ. ಇಪ್ಪತ್ತೈದು ತುಂಬದ ಒಂದು ಹುಡುಗಿ ನಿಂತು, ಸಮಯವನ್ನು ಹೇಗೆ ಹೊಂದಿಸಿಕೊಳ್ಳಬೇಕು, ಸಿಟ್ಟನ್ನು ಹೇಗೆ ನುಂಗಬೇಕು ಎಂದು ನನಗೆ ಪಾಠ ಮಾಡುತ್ತಾಳೆ. ಅಜ್ಜಿಗೆ ಕೆಮ್ಮು ಕಲಿಸಿದ ಹಾಗೆ. ಬೆಳಿಗ್ಗೆ ತಿಂಡಿ, ಮಧ್ಯಾಹ್ನ ಅಂಗಡಿ, ನಾಲ್ಕಕ್ಕೆ ರಾತ್ರಿಯ ಸಾರು ಮಾಡಿಟ್ಟು ಐದೂವರೆಗೆ ಬೆಂಚಿನ ಮೇಲೆ ಕೂರುವವಳಿಗೆ ಸಮಯದ ಪಾಠ.

ಅದನ್ನೂ ಸಹಿಸಿದೆ. ಆದರೆ ಹಾಜರಿಗೆ ಬೆರಳು ಒತ್ತುವ ಯಂತ್ರ ಇಟ್ಟಿದ್ದಾರೆ. ಮೂವತ್ತು ವರ್ಷ ಪಾತ್ರೆ ತಿಕ್ಕಿ ಸವೆದ ನನ್ನ ಬೆರಳನ್ನು ಅದು ಒಂದು ದಿನ ಒಪ್ಪಿದರೆ ಇನ್ನೊಂದು ದಿನ ಒಪ್ಪುವುದಿಲ್ಲ. ನಾನು ಒಳಗೆ ಕೂತು ನೋಟ್ಸ್ ಬರೆಯುತ್ತಿದ್ದ ದಿನಗಳಲ್ಲೂ ನಾನು ಬಂದಿಲ್ಲವೆಂದು ಅದರ ಲೆಕ್ಕ. ಇವತ್ತು ಗುಮಾಸ್ತ ಸಿದ್ದರಾಜು ಕಂಪ್ಯೂಟರ್ ನೋಡಿ, "ಅರವತ್ತೆಂಟು ಪರ್ಸೆಂಟ್ ಇದೆ ಮೇಡಂ, ಎಪ್ಪತ್ತೈದು ಬೇಕು. ಎರಡು ಕ್ರೆಡಿಟ್ ಹೋಯ್ತು, ಡಿಗ್ರಿ ಸಿಗಲ್ಲ. ರೂಲ್ಸು, ನಾವೇನ್ ಮಾಡೋಣ" ಎಂದ.

ಎರಡು ಕ್ರೆಡಿಟ್ಟಿಗೆ ಯಾರದಾದರೂ ಡಿಗ್ರಿ ನಿಲ್ಲುತ್ತದೇನ್ರೀ ಎಂದು ಮೇಜು ಗುದ್ದಿ ಕೇಳಿದೆ. ಕೇಳಿದ ಮೇಲೆ ನೆನಪಾಯಿತು, ಮೂರು ವರ್ಷದ ಹಿಂದೆ ಇದೇ ಮಾತನ್ನು ನಿನಗೆ ಹೇಳಿದ್ದೆ. ಕಲ್ಯಾಣಿ ಚಿಕ್ಕಮ್ಮನ ಎದುರಿಗೇ ಹೇಳಿದ್ದೆ. ಫೇಲಾಗಿ ಬಂದು ಕ್ರೆಡಿಟ್ಟು ಗಿಡಿಟ್ಟು ಅಂತ ಸುಳ್ಳು ಹೇಳ್ತಾಳೆ ಎಂದಿದ್ದೆ.

ಸಿದ್ದರಾಜು ಅಷ್ಟಕ್ಕೇ ಬಿಡಲಿಲ್ಲ. "ನಿಮ್ಮ ಮಗಳದ್ದೂ ಹಿಂಗೇ ನಿಂತ್ಕೊಂಡಿತ್ತಲ್ಲ ಮೇಡಂ. ಮೇಜರಲ್ಲಿ ರ್‍ಯಾಂಕ್ ಹತ್ರ ಇದ್ಲು, ಮೈನರಲ್ಲಿ ಎರಡು ಕಮ್ಮಿ" ಎಂದ. ನನ್ನ ಮೈ ಉರಿದುಹೋಯಿತು. ಕಾಮರ್ಸ್ ಮೈನರ್ ತಗೋ, ಅಂಗಡಿಗಾದರೂ ಆಗುತ್ತದೆ ಎಂದವಳು ನಾನೇ. ನೀನು ಒಂದು ಸೆಮಿಸ್ಟರ್ ಓದಿ, ನನಗೆ ಹೇಳದೆ ಮನಃಶಾಸ್ತ್ರಕ್ಕೆ ಬದಲಾಯಿಸಿಕೊಂಡೆ. ಬದಲಾಯಿಸಿದ್ದಕ್ಕೆ ಓದಿದ್ದ ಕಾಮರ್ಸ್ ಪೇಪರು ಲೆಕ್ಕಕ್ಕೇ ಬಾರದೆ ಹೋಯಿತು. ಓದಿದ್ದು ಓದಲ್ಲವೇ? ಪರೀಕ್ಷೆ ಬರೆಸಿ, ಅಂಕ ಕೊಟ್ಟು, ಆಮೇಲೆ ಅದು ಗಣನೆಗಿಲ್ಲ ಎನ್ನುವುದು ಯಾವ ಊರಿನ ನ್ಯಾಯ?

ಅಲ್ಲಿಂದ ನೇರ ರಿಜಿಸ್ಟ್ರಾರ್ ಸಿಸ್ಟರ್ ಬೆನಿಟಾ ಅವರ ಕೋಣೆಗೆ ನುಗ್ಗಿದೆ. ನಿಮ್ಮ ರೂಲ್ಸಿನಿಂದ ನನ್ನ ಮಗಳು ಮನೆ ಬಿಟ್ಟು ಹೋದಳು ಎಂದೆ. ಮಕ್ಕಳೆಂದರೆ ಪ್ರಾಣ ಬಿಡುವವಳು, ಡಿಗ್ರಿ ಇಲ್ಲದ್ದಕ್ಕೆ ಪ್ಲೇ ಹೋಮಿನಲ್ಲಿ ಅವಳನ್ನು ಟೀಚರ್ ಅನ್ನದೆ ಹೆಲ್ಪರ್ ಅನ್ನುತ್ತಾರೆ, ಮೂಗು ಒರೆಸುವ ಕೆಲಸ ಕೊಡುತ್ತಾರೆ, ಅದಕ್ಕೆ ನೀವೇ ಕಾರಣ ಎಂದೆ. ನಿಮ್ಮಪ್ಪ ಕಲ್ಯಾಣಿಗೆ ಫೋನಿನಲ್ಲಿ ಹೇಳುತ್ತಿದ್ದುದು ನನ್ನ ಕಿವಿಗೂ ಬಿದ್ದಿತ್ತು. ಇಷ್ಟು ವರ್ಷದ್ದನ್ನೆಲ್ಲ ಒಂದೇ ಉಸಿರಿಗೆ ಕಾರಿಕೊಂಡೆ. ಅವರು ನೀರು ಕೊಟ್ಟು, "ನಾಳೆ ಬನ್ನಿ ಮಧುಮತಿ, ಸಿರಿ ಫೈಲ್ ತೆಗೆಸಿ ಇಟ್ಟಿರ್ತೀನಿ" ಎಂದರು. ಜಗಳಕ್ಕೆ ಹೋದವರಿಗೆ ನೀರು ಕೊಟ್ಟರೆ ಸಿಟ್ಟು ಇನ್ನೂ ಹೆಚ್ಚಾಗುತ್ತದೆ.

ಸಿರಿ, ನೀನು ಅವತ್ತು ಸುಳ್ಳು ಹೇಳಿರಲಿಲ್ಲ. ನಾನು ನಂಬಲಿಲ್ಲ, ಹತ್ತು ಜನರೆದುರು ಹೀಯಾಳಿಸಿದೆ. ತಪ್ಪಾಯಿತು. ಆದರೆ ನಿನ್ನ ಡಿಗ್ರಿ ನಿಲ್ಲಿಸಿದವರು ಅವರು. ನಾಳೆ ಹೋಗಿ ಅದನ್ನು ಬಿಡಿಸದೆ ನಾನು ಆ ಕೋಣೆಯಿಂದ ಏಳುವುದಿಲ್ಲ.

ನಿನ್ನೊಬ್ಬಳನ್ನು ಬಿಟ್ಟು ಇನ್ನೆಲ್ಲರ ಮೇಲೂ ಕೋಪವಿರುವ,
ನಿನ್ನ ಅಮ್ಮ
ಮಧುಮತಿ

ತಾ.ಕ. ಶುಕ್ರವಾರ. ಮೇಲಿನದನ್ನು ಹರಿದು ಹಾಕೋಣ ಎಂದುಕೊಂಡೆ. ಬೇಡ, ನಾನು ಎಷ್ಟು ಕೂಗಾಡಿದೆ ಎಂಬುದು ನಿನಗೆ ಗೊತ್ತಾಗಲಿ. ಓದುತ್ತ ಓದುತ್ತ ನೀನು, ಅಮ್ಮ ಆ ಅರ್ಜಿಯ ಮಾತನ್ನೇ ಎತ್ತಲಿಲ್ಲವಲ್ಲ ಎಂದುಕೊಂಡಿರುತ್ತೀಯ. ಬೇಕೆಂದೇ ಎತ್ತಲಿಲ್ಲ. ಇವತ್ತು ಸಿಸ್ಟರ್ ಫೈಲ್ ಬಿಚ್ಚಿ ಅದನ್ನೇ ಮುಂದಿಟ್ಟರು. ಕಾಮರ್ಸ್ ಪೇಪರನ್ನು ಲೆಕ್ಕಕ್ಕೆ ಸೇರಿಸಿಕೊಳ್ಳಿ ಎಂದು ನೀನು ಬರೆದ ಅರ್ಜಿ, ಕೆಳಗೆ ಇಬ್ಬರು ಮೇಡಂಗಳ ಶಿಫಾರಸು. ಪೋಷಕರ ಸಹಿ ಎಂಬಲ್ಲಿ ಮಾತ್ರ ಏನೂ ಇರಲಿಲ್ಲ. ಕಾಲೇಜಿಗೆ ಸೇರಿಸುವಾಗ ಪೋಷಕರೆಂದು ಬರೆಸಿದ್ದು ನನ್ನೊಬ್ಬಳ ಹೆಸರನ್ನೇ. ಅದನ್ನು ನೀನು ಮೂರು ಸಲ ನನ್ನ ಮುಂದೆ ಹಿಡಿದಿದ್ದೆ. ನನ್ನನ್ನು ಕೇಳದೆ ಬದಲಾಯಿಸಿದ್ದಕ್ಕೆ ನಾನ್ಯಾಕೆ ಸಹಿ ಹಾಕಲಿ ಎಂದು ಮೂರು ಸಲವೂ ತಳ್ಳಿದ್ದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ ಪಾಪ ಆ ಸಿದ್ದರಾಜುವನ್ನು ಬೈದು ಬಂದಿದ್ದೆ.

ಪೋಷಕರ ಸಹಿಯ ನಿಯಮವನ್ನು ಹೋದ ವರ್ಷ ತೆಗೆದುಹಾಕಿದ್ದಾರಂತೆ. ನೀನೊಬ್ಬಳು ಬಂದು ಈಗಿನ ತಾರೀಕು ಹಾಕಿ ಮತ್ತೆ ಸಹಿ ಮಾಡಿದರೆ ಅರ್ಜಿ ನಡೆಯುತ್ತದೆ, ಡಿಗ್ರಿ ಕೊಡುತ್ತಾರೆ. ನನ್ನ ಸಹಿ ಈಗ ಯಾವುದಕ್ಕೂ ಬೇಡ. ಆದರೂ ಪೆನ್ನು ಇಸಿದುಕೊಂಡು ಹಾಕಿ ಬಂದೆ.

ಸೋಮವಾರದಿಂದ ಬೇಸಿಗೆ ತರಗತಿಯಲ್ಲಿ ಅದೇ ಜೀವನ ಕೌಶಲಕ್ಕೆ ನಾನು ಮತ್ತೆ ಕೂರುತ್ತೇನೆ, ಸಂಜೆ ಐದೂವರೆಗೆ. ಆಫೀಸು ಬೆಳಿಗ್ಗೆ ಹತ್ತಕ್ಕೆ ತೆರೆಯುತ್ತದೆ. ನನ್ನ ಮುಖ ನೋಡುವುದು ಬೇಡ ಎನ್ನಿಸಿದರೆ ಬೆಳಿಗ್ಗೆಯೇ ಹೋಗಿ ಬಾ.