ತಡವಾದದ್ದಕ್ಕೆ ಕಾರಣ

ಉಜ್ಜಿನಿ, 2009

ಮಾವ,

ನಿನ್ನನ್ನೇ ಮದುವೆಯಾದ ಮೇಲೂ ಹೀಗೇ ಕರೆಯುತ್ತಿದ್ದೆ, ಈಗ ಬದಲಿಸುವುದಿಲ್ಲ.

ನಾವು ಹೈಕೋರ್ಟಿನಲ್ಲಿ ಗೆದ್ದೆವೆಂದು ಇವತ್ತು ಕೂಡ್ಲಿಗಿಯಲ್ಲಿ ವಕೀಲರು ಹೇಳಿದರು. ಎಣ್ಣೆ ಮಿಲ್ಲಿನ ಬೆಲ್ಟು ನಿನ್ನನ್ನು ಎಳೆದುಕೊಂಡಿದ್ದಕ್ಕೆ ಎರಡು ವರ್ಷದೊಳಗೆ ಪರಿಹಾರ ಕೇಳಬೇಕಿತ್ತಂತೆ. ತಡವಾಯಿತೆಂದು ಬಳ್ಳಾರಿಯಲ್ಲಿ ಅರ್ಜಿ ತಳ್ಳಿಹಾಕಿದ್ದರು. ಹೈಕೋರ್ಟು ಆ ತಡವನ್ನು ಮನ್ನಿಸಿದೆ. ಇನ್ನು ವಿಚಾರಣೆ ಶುರುವಾಗುತ್ತದೆ.

ತಡ ಯಾಕಾಯಿತೆಂದು ನಿನಗೆ ಗೊತ್ತಿಲ್ಲ. ನಿನ್ನ ದಿನಕರ್ಮದ ಊಟಕ್ಕೆ ಮಿಲ್ಲಿನ ಸಾಹುಕಾರರು ಬಂದು, ನಮ್ಮ ಕಂಬಳಿಯ ಮೇಲೆ ಕೂತು ಉಂಡರು. "ಮನ್ಯಾಗ ಉಂಡವ್ರ ಮ್ಯಾಲ ಕೋರ್ಟಿಗೆ ಹೋಗಬಾರ್ದವ್ವ," ಎಂದಳು ನಿಮ್ಮವ್ವ. ಮುಂದಿನ ಎರಡು ವರ್ಷವೂ ನಿನಗೆ ಎಡೆ ಇಡುವ ದಿನ ಬಂದು ಉಂಡರು. ಮೂರನೆಯ ವರ್ಷ ಬರಲಿಲ್ಲ. ಆಮೇಲೆ ನಾನು ವಕೀಲರ ಹತ್ತಿರ ಹೋದೆ.

"ಉಂಡ ಕತಿ ಕೋರ್ಟಿಗೆ ಬ್ಯಾಡಮ್ಮ," ಎಂದರು ಅವರು. "ಓದು ಬರಂಗಿಲ್ಲ, ಕಾನೂನು ಗೊತ್ತಿರಲಿಲ್ಲ ಅಂತ ಬರೀತೀನಿ. ಹೆಬ್ಬೆಟ್ಟು ಒತ್ತು."

ಒತ್ತಿದೆ. ಇವತ್ತು ಅವರು ಓದಿ ಹೇಳಿದ ತೀರ್ಪಿನಲ್ಲೂ ಅದೇ ಇತ್ತು, ಅಕ್ಷರ ಬಾರದ ಬಡ ಹೆಂಗಸು ಎಂದು. ಕೇಳುತ್ತ ಕೂತೆ. ಏನೂ ಅನ್ನಿಸಲಿಲ್ಲ. ಬಸ್ಸಿನ ಬೋರ್ಡು ಓದಿಕೊಂಡು ಹತ್ತಿ ಊರಿಗೆ ಬಂದೆ.

ಮದುವೆಯ ಹೊಸತರಲ್ಲಿ ಒಲೆಯ ಮುಂದೆ ಬೂದಿ ಹರಡಿ, ನನ್ನ ಬೆರಳು ಹಿಡಿದು ನೀನು ಮೊದಲು ತಿದ್ದಿಸಿದ್ದು ನನ್ನ ಹೆಸರು. ವಿಚಾರಣೆ ಮುಗಿಯುವವರೆಗೆ ಅದನ್ನು ಎಲ್ಲೂ ಬರೆಯಬಾರದೆಂದು ವಕೀಲರು ಹೇಳಿದ್ದಾರೆ. ಈ ಕಾಗದವೂ ಯಾರ ಕಣ್ಣಿಗೂ ಬೀಳಬಾರದು. ಕೆಳಗೆ ಹೆಸರು ಬರೆದು ಒಲೆಗೆ ಹಾಕುತ್ತೇನೆ.

ಅಂಜಿನಕ್ಕ