ಜಪಾನಿನಲ್ಲಿ ನನ್ನ ಇನಾಮು ವಾಪಸ್ಸು ಬಂದ ಪ್ರಸಂಗ

ಜಪಾನ್, ಮೇ ೧೯೮೪

ವಕ್ಕಲೇರಿಯ ನಮ್ಮ ಜಗಲಿಯಲ್ಲಿ ನೆರೆದಿರುವ ಮಹಾಜನಗಳೇ! ಅಕ್ಕಾ, ಭಾವನೋರೇ, ಮಕ್ಕಳೇ! ಗದ್ದಲ ನಿಲ್ಲಲಿ, ಕಾರ್ಡು ಚಿಕ್ಕದು!

ರೇಷ್ಮೆ ಸಾಕಣೆ ನೋಡಲು ಬಂದ ನಮ್ಮನ್ನು ಇಲ್ಲೊಂದು ಹಳ್ಳಿಯ ತಂಗುಮನೆಯಲ್ಲಿ ಇಳಿಸಿದ್ದಾರೆ. ಎಲ್ಲದಕ್ಕೂ ಮೀನು ಹಾಕುವ ದೇಶ. ಆದರೂ ಅಡುಗೆಯ ತಾತ ನನಗೋಸ್ಕರ ಬೇರೆ ಪಾತ್ರೆಯಿಟ್ಟು ಬರೀ ಸೊಪ್ಪು, ಕುಂಬಳಕಾಯಿ ಬೇಯಿಸಿ ಬಡಿಸಿದ. ಎದೆ ತುಂಬಿ ಬಂತು. ಎದ್ದೆ! ನಮ್ಮ ನಾಟಕದಲ್ಲಿ ಮೆಚ್ಚಿದ ಪಾತ್ರಧಾರಿಯ ಎದೆಗೆ ನೋಟು ಚುಚ್ಚುತ್ತೇವಲ್ಲ, ಹಾಗೇ ತಾತನ ಅಂಗಿಗೆ ಒಂದು ನೋಟು ಪಿನ್ನು ಮಾಡಿ, "ವಕ್ಕಲೇರಿ ಕೋದಂಡರಾಮಪ್ಪನವರ ಮೆಚ್ಚುಗೆ ಇನಾಮು!" ಎಂದು ಕೂಗಿದೆ.

ತಾತನ ಮುಖ ಬಾಡಿತು. ನೋಟು ಬಿಚ್ಚಿ, ಬಿಳಿ ಕಾಗದದಲ್ಲಿ ಮಡಿಸಿ, ಎರಡೂ ಕೈಯಿಂದ ನನಗೇ ಕೊಟ್ಟು, ಏನೋ ಕೇಳಿ ಒಳಗೆ ಹೋದವನು ಹೊರಗೆ ಬರಲೇ ಇಲ್ಲ.

"ಏನ್ರೀ, ಇದನ್ನೂ ಸ್ಟೇಜು ಅಂದ್ಕೊಂಡ್ರಾ?" ಎಂದು ಗದರಿದರು ಜಪಾನಿ ಭಾಷೆ ಬಲ್ಲ ನಮ್ಮ ವರದಯ್ಯನವರು. "ಊಟದಲ್ಲಿ ಏನು ಕೊರತೆ ಆಯ್ತು ಅಂತ ಕೇಳಿದ್ರು ಪಾಪ. ಬಂದವರಿಗೆ ಚೆನ್ನಾಗಿ ಬಡಿಸೋದು ಇಲ್ಲಿ ಅವರ ಮರ್ಯಾದೆ. ಅದಕ್ಕೆ ಮೇಲೆ ದುಡ್ಡು ಕೊಟ್ರೆ ನೊಂದ್ಕೋತಾರೆ. ಚೆನ್ನಾಗಿತ್ತು ಅಂತ ಬಾಯ್ತುಂಬ ಹೇಳಿ, ಸಾಕು."

ಆಹಾ! ಎಂಥಾ ಜನ ಅಕ್ಕಾ! ಅಂಥವರನ್ನು ನೋಯಿಸಿದೆನಲ್ಲಾ!

ಆರೋಗ್ಯಕ್ಕೇನೂ ತೊಂದರೆಯಿಲ್ಲ. ಅಲ್ಲಿ ನಮ್ಮ ರೇಷ್ಮೆ ಹುಳಕ್ಕೆ ಒದ್ದೆ ಸೊಪ್ಪು ಹಾಕಬೇಡಿ.

ನಾಳೆ ಬೆಳಿಗ್ಗೆ ಬಸ್ಸು ಹೊರಡುವ ಮುಂಚೆ ಅಡುಗೆಮನೆ ಬಾಗಿಲಲ್ಲಿ ನಿಂತು, ಆ ಕುಂಬಳಕಾಯಿಯ ಮೇಲೆ ಕಂದಪದ್ಯ ಕಟ್ಟಿ, ತಾತ ಹೊರಗೆ ಬರೋ ತನಕ ಹಾಡ್ತೀನಿ!

ನಿಮ್ಮ ಕೋದಂಡರಾಮ