ತುತ್ತಿಗೊಂದು ಗುಟುಕು

ಅಪ್ಪಾ,

ನೀನು ತುತ್ತಿಗೊಂದು ಗುಟುಕು ನೀರು ಕುಡಿಯುತ್ತಿದ್ದಾಗ, "ಊಟ ಮಾಡ್ತಿದ್ದೀಯೋ, ಈಜ್ತಿದ್ದೀಯೋ?" ಎಂದು ರೇಗಿಸಿದವಳು ನಾನೇ. ಆಗಲೇ ನಾನು ಸರ್ಜನ್. ಅನ್ನನಾಳವೇ ನನ್ನ ವಿಷಯ. ಆದರೂ ನಿನ್ನ ಕ್ಯಾನ್ಸರ್ ನನಗೆ ಗೊತ್ತಾದದ್ದು ಕೈಮೀರಿದ ಮೇಲೆ.

ಈಗ ನನ್ನ ಸಂಶೋಧನೆಯ ಫಾರ್ಮಿನಲ್ಲಿ ಮೊದಲ ಪ್ರಶ್ನೆ ಅದೇ: ತುತ್ತು ಇಳಿಯಲು ನೀರು ಬೇಕಾಗುತ್ತದೆಯೇ? ಎದೆಯುರಿ ಎಂದು ಬಂದ ಬಸ್ ಡ್ರೈವರೊಬ್ಬರು "ಇಲ್ಲ" ಎಂದರು. ಪಕ್ಕದಲ್ಲಿದ್ದ ಹೆಂಡತಿ ಬಿಡಬೇಕಲ್ಲ! "ಸುಳ್ಳು ಹೇಳ್ಬೇಡ್ರೀ. ಡಾಕ್ಟ್ರೇ, ಇವರ ಊಟ ಮುಗಿಯೋಷ್ಟರಲ್ಲಿ ಜಗ್ಗೇ ಖಾಲಿ."

ಅಂದೇ ಗಂಟಲಿನ ಮೂಲಕ ಕ್ಯಾಮೆರಾ ಇಳಿಸಿ ನೋಡಿದೆ. ದ್ರಾಕ್ಷಿಯಷ್ಟು ಗಂಟು, ಇನ್ನೂ ಎಲ್ಲೂ ಹರಡಿರಲಿಲ್ಲ. ಆಪರೇಷನ್ ಮಾಡಿ ಪೂರ್ತಿ ತೆಗೆದೆ. ಈ ಪ್ರಶ್ನೆಯಿಂದ ಬೇಗ ಸಿಕ್ಕವರಲ್ಲಿ ಇವರು ಹನ್ನೊಂದನೆಯವರು.

ಇವತ್ತು ಬೆಳಿಗ್ಗೆ ಅವರ ಮುಂದೆ ಬ್ರೆಡ್ಡು, ಒಂದು ಲೋಟ ನೀರು ಇಟ್ಟು ಎದುರಿಗೇ ಕೂತೆ. ಚೂರುಚೂರೇ ಅಗಿದು ಎರಡು ತುಂಡು ತಿಂದರು. ಹೆಂಡತಿಯ ಕಣ್ಣೆಲ್ಲ ಲೋಟದ ಮೇಲೆ.

"ನೀರು ಬೇಕೇನ್ರೀ?"

"ಬೇಡ ಕಣೇ. ತಾನಾಗೇ ಇಳೀತಿದೆ."

ಆಕೆ ಅಳುತ್ತಲೇ ನಕ್ಕರು. ಲೋಟ ತುಂಬಿದ ಹಾಗೇ ಇತ್ತು ಅಪ್ಪಾ. ಕೊನೆಗೆ ಅದನ್ನು ಎತ್ತಿ ಕುಡಿದವಳು ನಾನು. ನನ್ನ ಗಂಟಲಿನಲ್ಲೇ ಏನೂ ಇಳಿಯುತ್ತಿರಲಿಲ್ಲ.

ನಿನ್ನ ಮಗಳು